ಹಲೋ ಅಣ್ಣನ ತೊಂಬತ್ತಾರು ಪ್ರಶ್ನೆಗಳು

ನಮ್ಮ ಬೀದಿಯ ಹಲೋ ಅಣ್ಣನ ಬಾಯಲ್ಲಿ ಬಾರದ ಮಾತು ಒಂದೇ ಒಂದಿತ್ತು. ಅದು "ಗೊತ್ತಿಲ್ಲ" ಎಂಬುದು. ಬೈಗುಳ ಬರುತ್ತಿತ್ತು, ಹಾಡು ಬರುತ್ತಿತ್ತು, ಅರ್ಥ ತಿಳಿಯದ ಪರಭಾಷೆಯ ಮಾತುಗಳೂ ಬರುತ್ತಿದ್ದವು. ಈ ಮೂರಕ್ಷರ ಮಾತ್ರ ಗಂಟಲು ದಾಟಿ ಮೇಲಕ್ಕೆ ಬರುತ್ತಿರಲಿಲ್ಲ. ದಾರಿಹೋಕರು ಯಾವ ವಿಳಾಸ ಕೇಳಿದರೂ ಕೈ ಚಾಚಿ ತೋರಿಸಿಯೇ ಬಿಡುತ್ತಿದ್ದ. ಹಲ್ಲಿನ ಡಾಕ್ಟರನ್ನು ಹುಡುಕಿಕೊಂಡು ಬಂದ ಹಿರಿಯರೊಬ್ಬರನ್ನು ಅವನು ಮರ ಕೊಯ್ಯುವ ಮಿಲ್ಲಿಗೆ ಕಳಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರು ಸಂಜೆ ಅದೇ ದಾರಿಯಲ್ಲಿ ಕೆನ್ನೆ ಹಿಡಿದುಕೊಂಡು ಹಿಂದಿರುಗಿದರು. "ಅಲ್ಲಿದ್ದೋರೂ ಪಾಪ ಒಳ್ಳೆಯವರೇ. ಬೇಕಾದ್ರೆ ನೋಡ್ತೀವಿ ಅಂದ್ರು. ನಾನೇ ಬೇಡ ಅಂದೆ" ಎಂದರು.

ಹಲೋ ಅಣ್ಣನ ಕಸುಬು ಮೈಕ್‌ಸೆಟ್ಟು. ಸಭೆ, ಮದುವೆ, ಚುನಾವಣೆ, ಏನಿದ್ದರೂ ಧ್ವನಿವರ್ಧಕದ ಹಾರನ್ನು ಕಟ್ಟಿ, ಮೈಕಿನ ಮುಂದೆ ನಿಂತು "ಹಲೋ, ಹಲೋ, ಒಂದು, ಎರಡು, ಮೂರು" ಎನ್ನುವುದು ಅವನ ಕೆಲಸ. ಹೆಸರು ಬಂದದ್ದೂ ಅಲ್ಲಿಂದಲೇ. ನನ್ನದು ಪುಸ್ತಕಕ್ಕೆ ರಟ್ಟು ಹಾಕುವ ಕಸುಬು. ಒಂದೇ ಕಟ್ಟಡದಲ್ಲಿ ಕೆಳಗೆ ನನ್ನ ಬೈಂಡಿಂಗ್ ಅಂಗಡಿ, ಮೇಲೆ ಅವನ ಮೈಕ್ ಅಂಗಡಿ, ಅದರ ಮೇಲೆ ತಾರಸಿ. ತಾರಸಿಯ ಮೇಲೆ ರಿಪೇರಿಯಾದ ಹಾರನ್ನುಗಳನ್ನು ಕಟ್ಟಿ ಪರೀಕ್ಷೆ ಮಾಡುವ ಒಂದು ಕಂಬ. ಈ ಕಂಬವನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ಹಲೋ ಅಣ್ಣ ನೆನಪಿಟ್ಟುಕೊಳ್ಳದೆ ಹೋದದ್ದರಿಂದಲೇ ಈ ಕಥೆ ಬರೆಯಬೇಕಾಗಿ ಬಂದಿದೆ.

ಹಲೋ ಅಣ್ಣನಿಗೆ ಒಬ್ಬಳೇ ತಂಗಿ. ಅಪ್ಪ ತೀರಿಕೊಂಡಾಗ ಅವನಿಗೆ ಹದಿನಾರು, ಅವಳಿಗೆ ಎಂಟು. ತಂತಿ ಹೊತ್ತು, ಕಂಬ ಹತ್ತಿ ಅವಳನ್ನು ಸಾಕಿದ, ಓದಿಸಿದ, ಮದುವೆ ಮಾಡಿದ. ಮದುವೆಯಾದ ಹನ್ನೊಂದು ವರ್ಷಕ್ಕೆ ಆ ತಂಗಿಗೆ ಹೆಣ್ಣುಮಗುವಾಯಿತು. ಆ ದಿನ ಹಲೋ ಅಣ್ಣ ಬೀದಿಯಲ್ಲಿ ಸಿಕ್ಕಿದವರಿಗೆಲ್ಲ ವಿಷಯ ತಿಳಿಸಿದ. ಸಿಗದವರಿಗೆ ತಾರಸಿ ಹತ್ತಿ ಹಾರನ್ನಿನಲ್ಲಿ ತಿಳಿಸಿದ. ಇಳಿದು ಬರುವಾಗ ಹಾರನ್ನಿನ ತಂತಿ ಬಿಚ್ಚಲಿಲ್ಲ. ಸಂತೋಷದಲ್ಲಿ ಯಾರು ತಂತಿ ಬಿಚ್ಚುತ್ತಾರೆ?

ಮಗುವಿಗೆ ಒಂದು ತಿಂಗಳಾದಾಗ ತಂಗಿಯ ಮನೆಯಲ್ಲಿ ಭಾನುವಾರದ ಊಟ. ನನ್ನನ್ನೂ ಕರೆದಿದ್ದರು. ಚರ್ಚಿನ ಹಿರಿಯ ಪಾದ್ರಿಗಳಿದ್ದರು. ತಂಗಿಯ ಗಂಡನ ಅಣ್ಣ, ಅಂದರೆ ಅವಳ ಭಾವ, ಮೇಜಿನ ತುದಿಯಲ್ಲಿ ಕೂತಿದ್ದರು. ಅವರು ಶಾಲಾ ಇನ್ಸ್‌ಪೆಕ್ಟರಾಗಿ ನಿವೃತ್ತರಾದವರು. ಮೂವತ್ತು ವರ್ಷ ಮೇಷ್ಟರುಗಳನ್ನು ಪ್ರಶ್ನೆ ಕೇಳಿ ನಡುಗಿಸಿದ ಅಭ್ಯಾಸ. ಈಗ ಮೇಷ್ಟರುಗಳು ಸಿಗದೆ ಮನೆಯವರನ್ನೇ ಕೇಳುತ್ತಿದ್ದರು.

ಊಟದ ಮಧ್ಯೆ ತಂಗಿ, "ಮಗೂಗೆ ಜ್ಞಾನತಂದೆ ನಮ್ಮಣ್ಣನೇ ಆಗ್ಬೇಕು ಅಂತ ನನ್ನಾಸೆ" ಎಂದಳು. ಜ್ಞಾನಸ್ನಾನದ ದಿನ ಮಗುವನ್ನು ಎತ್ತಿಕೊಂಡು ನಿಂತು, ಅದರ ಪರವಾಗಿ ಉತ್ತರ ಹೇಳಿ, ಮುಂದೆ ಅದಕ್ಕೆ ಧರ್ಮ ಕಲಿಸುವ ಹೊಣೆ ಹೊರುವವನು ಜ್ಞಾನತಂದೆ. ಹಲೋ ಅಣ್ಣನ ಮುಖ ಊರಗಲವಾಯಿತು.

ಇನ್ಸ್‌ಪೆಕ್ಟರು ಕೈಯಲ್ಲಿದ್ದ ಲೋಟ ಕೆಳಗಿಟ್ಟರು. "ಜ್ಞಾನತಂದೆ ಅಂದ್ರೆ ತೊಟ್ಟಿಲು ತೂಗೋ ಕೆಲಸ ಅಲ್ಲ. ಇವರು ಕ್ಯಾಟೆಕಿಸಂ ಓದಿದ್ದಾರಾ?"

ಒಂದು ಪ್ರಶ್ನೆ, ಅದಕ್ಕೊಂದು ಉತ್ತರ, ಮತ್ತೊಂದು ಪ್ರಶ್ನೆ, ಮತ್ತೊಂದು ಉತ್ತರ ಎಂದು ಚರ್ಚಿನಲ್ಲಿ ಮಕ್ಕಳಿಗೆ ಧರ್ಮ ಕಲಿಸುತ್ತಾರಲ್ಲ, ಆ ಪಾಠಕ್ಕೆ ಈ ಹೆಸರು. ಹಲೋ ಅಣ್ಣ ಆ ಪಾಠದ ಕೋಣೆಯೊಳಗೆ ಒಂದು ದಿನವೂ ಕಾಲಿಟ್ಟವನಲ್ಲ. ಕಾಲಿಟ್ಟಿಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ಓದೋದು ಹಾಗಿರ್ಲಿ," ಎಂದ ಹಲೋ ಅಣ್ಣ, ಕಾಲ ಮೇಲೆ ಕಾಲು ಹಾಕಿ. "ಆ ಪದದ ಅರ್ಥ ಏನು, ಅದು ಎಲ್ಲಿ ಹುಟ್ಟಿ ಹೇಗೆ ಬಂತು ಅನ್ನೋದೇ ನಂಗೆ ಗೊತ್ತು."

"ಹೌದಾ? ಏನು ಅರ್ಥ?"

"ಅದು ಊಟದ ಹೊತ್ತಲ್ಲಿ ಹೇಳೋ ಮಾತಲ್ಲ."

"ನಾವು ಊಟ ನಿಲ್ಲಿಸ್ತೀವಿ."

ಎಲ್ಲರೂ ನಿಲ್ಲಿಸಿದರು. ಪಾದ್ರಿಗಳ ಚಮಚ ತಟ್ಟೆಗೂ ಬಾಯಿಗೂ ನಡುವೆ ನಿಂತಿತು. ನಾನು ಬಾಯಲ್ಲಿದ್ದದ್ದನ್ನು ಅಗಿಯದೆ ಹಾಗೇ ಇಟ್ಟುಕೊಂಡೆ.

"ನಿಲ್ಲಿಸಿದ್ರೂ ಆಗಲ್ಲ," ಎಂದ ಹಲೋ ಅಣ್ಣ. "ದೊಡ್ಡ ಪದ ಅದು. ಅದಕ್ಕೆ ಅಂತಾನೇ ಒಂದು ದಿನ ಬೇಕು."

ಪಾದ್ರಿಗಳ ಕಣ್ಣು ಹೊಳೆಯಿತು. "ನಲವತ್ತು ವರ್ಷದಿಂದ ಆ ಪಾಠ ಹೇಳ್ತಿದ್ದೀನಿ. ಆ ಪದ ಎಲ್ಲಿಂದ ಬಂತು ಅಂತ ಒಬ್ಬರೂ ಮಾತೆತ್ತಿರಲಿಲ್ಲ. ಬಹಳ ಸಂತೋಷ. ಬರೋ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಪಾಠದ ಕೋಣೆಗೆ ಬನ್ನಿ. ಪದದ ಅರ್ಥ ನೀವು ಹೇಳಿ, ಪುಸ್ತಕದಿಂದ ನಾಲ್ಕು ಪ್ರಶ್ನೆ ನಾನು ಕೇಳ್ತೀನಿ. ಆಮೇಲೆ ಜ್ಞಾನಸ್ನಾನದ ದಿನ ಗೊತ್ತು ಮಾಡೋಣ."

"ಹೇಳದೇ ಹೋದ್ರೆ?" ಎಂದರು ಇನ್ಸ್‌ಪೆಕ್ಟರು.

"ಹೇಳದೇ ಹೋದ್ರೆ ನೀವಿದ್ದೀರಲ್ಲ," ಎಂದು ಪಾದ್ರಿಗಳು ಚಮಚವನ್ನು ಅದು ಹೊರಟಿದ್ದ ಕಡೆಗೆ ಮುಟ್ಟಿಸಿದರು.

ಹೊರಡುವಾಗ ತಂಗಿ ಮಗುವನ್ನು ಅಣ್ಣನ ಕೈಗೆ ಕೊಟ್ಟು ಮೆಲ್ಲಗೆ ಕೇಳಿದಳು. "ಅಣ್ಣ, ನನ್ನ ಮುಖ ನೋಡಿ ಹೇಳು. ನಿಂಗೆ ನಿಜವಾಗ್ಲೂ ಗೊತ್ತಾ?"

ಹಲೋ ಅಣ್ಣ ಮಗುವಿನ ಮುಖ ನೋಡಿ "ಗೊತ್ತು" ಎಂದ.

ಬೀದಿಯ ತಿರುವು ದಾಟಿದ ಕೂಡಲೇ ನನ್ನ ತೋಳು ಹಿಡಿದುಕೊಂಡ. "ಏನಯ್ಯ, ನಿನ್ನ ಹತ್ರ ಲೈಬ್ರರಿಯವರ ಒಂದು ದೊಡ್ಡ ನಿಘಂಟು ಬಂದಿತ್ತಲ್ಲ, ರಟ್ಟು ಹಾಕೋಕೆ?"

ಬಂದಿತ್ತು. ಭಾನುವಾರವೆಂದೂ ನೋಡದೆ ಅಂಗಡಿ ತೆಗೆದು ಹುಡುಕಿದೆವು. ಪದ ಸಿಕ್ಕಿತು. ಆದರೆ ಆ ಪುಟದಲ್ಲಿ ನಮಗಿಂತ ಮುಂಚೆ ಒಂದು ಹುಳು ಓದಲು ಕೂತು, ಅಂಗಿಯ ಗುಂಡಿಯಷ್ಟು ಜಾಗವನ್ನು ಪೂರ್ತಿ ಜೀರ್ಣಿಸಿಕೊಂಡಿತ್ತು. ಉಳಿದದ್ದು ಇಷ್ಟು: "ಪ್ರಶ್ನೋತ್ತರ ರೂಪದ ಧರ್ಮಬೋಧೆ. ಗ್ರೀಕ್ ಮೂಲ. ಮೂಲಾರ್ಥ: ಕೆಳಕ್ಕೆ", ಆಮೇಲೆ ತೂತು, ತೂತಿನ ಆಚೆ "ವುದು."

"ಕೆಳಕ್ಕೆ ಏನೋ ವುದು," ಎಂದ ಹಲೋ ಅಣ್ಣ, ತೂತಿನೊಳಗೆ ಬೆರಳು ತೂರಿಸಿ. "ಕೆಳಕ್ಕೆ ಕೂರುವುದು? ಮಕ್ಕಳು ನೆಲದ ಮೇಲೆ ಕೂರ್ತಾರಲ್ಲ."

"ಕೆಳಕ್ಕೆ ನೋಡುವುದು ಇರಬಹುದು," ಎಂದೆ ನಾನು. "ಉತ್ತರ ಬಾರದೋರು ಅದನ್ನೇ ಮಾಡೋದು."

"ಕೆಳಕ್ಕೆ ಬೀಳುವುದು?"

"ಅದು ಭಾನುವಾರ ಗೊತ್ತಾಗುತ್ತೆ."

ಅವನು ನನ್ನನ್ನು ದುರುಗುಟ್ಟಿಕೊಂಡು ನೋಡಿದ. ಸ್ನೇಹಿತರ ಕಷ್ಟದಲ್ಲಿ ತಮಾಷೆ ಮಾಡಬಾರದೆಂದು ನನಗೂ ಗೊತ್ತು. ಆದರೆ ಹುಳುವಿನ ಮೇಲೆ ಸಿಟ್ಟು ಮಾಡಿಕೊಂಡು ಪ್ರಯೋಜನವೇನು?

ಪದದ ಗತಿ ಹೀಗಾಯಿತು. ಇನ್ನು ಪುಸ್ತಕ. ಅದರಲ್ಲಿ ತೊಂಬತ್ತಾರು ಪ್ರಶ್ನೆಗಳು, ತೊಂಬತ್ತಾರು ಉತ್ತರಗಳು. ಸೋಮವಾರದಿಂದ ಅತ್ತಿಗೆ, ಅಂದರೆ ಹಲೋ ಅಣ್ಣನ ಹೆಂಡತಿ, ಪಾಠ ಕೇಳಲು ಕೂತರು. ಆಕೆ ಆಸ್ಪತ್ರೆಯಲ್ಲಿ ನರ್ಸು. "ಎಷ್ಟು ದಿನದಿಂದ ಜ್ವರ?" ಎಂದು ರೋಗಿಗಳನ್ನು ಕೇಳುವ ಧ್ವನಿಯಲ್ಲೇ ಪ್ರಶ್ನೆ ಕೇಳುತ್ತಿದ್ದರು.

"ನೆರೆಯವನು ಯಾರು?"

"ಎದುರಿಗೆ ಹಾಲಿನ ಅಂಗಡಿಯವನು, ಪಕ್ಕದಲ್ಲಿ ಓರಗಿತ್ತಿಯರು, ಕೆಳಗೆ ಬೈಂಡಿಂಗಿನವನು."

"ಪುಸ್ತಕದಲ್ಲಿ ಹಾಗಿಲ್ಲ."

"ಪುಸ್ತಕ ಬರೆದೋನು ನಮ್ಮ ಬೀದಿಗೆ ಬಂದಿದ್ನಾ?"

ಮೂರು ದಿನ ಇದೇ ನಡೆಯಿತು. ಉತ್ತರ ಕಲಿಯುವುದರ ಬದಲು ಅವನು ಪ್ರಶ್ನೆಯ ಜೊತೆ ಜಗಳಕ್ಕೆ ಬೀಳುತ್ತಿದ್ದ. ಬುಧವಾರ ಸಂಜೆ ಅತ್ತಿಗೆ ಪುಸ್ತಕವನ್ನು ಅವನ ಮಡಿಲಿಗೆ ಹಾಕಿ, "ಇದಕ್ಕಿಂತ ಎರಡು ವಾರ್ಡ್ ಒಟ್ಟಿಗೆ ನೋಡ್ಕೊಳ್ಳೋದು ಸಲೀಸು" ಎಂದು ಎದ್ದು ಹೋದರು.

ಗುರುವಾರ ಹಲೋ ಅಣ್ಣನಿಗೆ ಒಂದು ಉಪಾಯ ಹೊಳೆಯಿತು. ಟೇಪ್ ರೆಕಾರ್ಡರಿನಲ್ಲಿ ಪ್ರಶ್ನೆಗಳನ್ನಷ್ಟೇ ಧ್ವನಿ ಮುದ್ರಿಸಿಕೊಳ್ಳುವುದು. ಪ್ರತಿ ಪ್ರಶ್ನೆಯ ನಂತರ ಮನಸ್ಸಿನಲ್ಲೇ ಹತ್ತು ಎಣಿಸುವಷ್ಟು ಹೊತ್ತು ಸುಮ್ಮನಿರುವುದು. ಆಮೇಲೆ ಅದನ್ನು ಹಾಕಿಕೊಂಡು, ಕೈಯಲ್ಲಿ ಬೆಸುಗೆ ಕೆಲಸ, ಕಿವಿಯಲ್ಲಿ ಪ್ರಶ್ನೆ, ಬಾಯಲ್ಲಿ ಉತ್ತರ. ಪಾದ್ರಿಗಳ ಮುಂದೆ ನಿಂತಂತೆ ಅಭ್ಯಾಸವಾಗಲಿ ಎಂದು ಧ್ವನಿಯನ್ನು ಆದಷ್ಟು ಗಡಸು ಮಾಡಿ, ಹೊಟ್ಟೆಯಾಳದಿಂದ ಮಾತು ತೆಗೆದು ತೊಂಬತ್ತಾರು ಪ್ರಶ್ನೆಗಳನ್ನೂ ಮುದ್ರಿಸಿದ.

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲಿಗೆ ಅಗುಳಿ ಹಾಕಿಕೊಂಡು ಕೂತ. ಟೇಪ್ ರೆಕಾರ್ಡರಿನ ಧ್ವನಿ ಸಣ್ಣದೆಂದು ಅದನ್ನು ಆಂಪ್ಲಿಫೈಯರಿಗೆ ಜೋಡಿಸಿದ. ಆಂಪ್ಲಿಫೈಯರಿನಿಂದ ಹೆಡ್‌ಫೋನು ಎಳೆದು ಕಿವಿಗೆ ಬಿಗಿಯಾಗಿ ಹಾಕಿಕೊಂಡ. ಅದೇ ಆಂಪ್ಲಿಫೈಯರಿನಿಂದ ಇನ್ನೊಂದು ತಂತಿ ತಾರಸಿಯ ಕಂಬಕ್ಕೆ ಹೋಗಿತ್ತು, ಮಗು ಹುಟ್ಟಿದ ದಿನದಿಂದ.

ನಾನು ಕೆಳಗೆ ಒಂದು ದಾರದ ಗಂಟು ಬಿಗಿಯುತ್ತಿದ್ದೆ. ಬೀದಿ ತನ್ನ ಪಾಡಿಗೆ ತಾನಿತ್ತು. ಆಗ ಆಕಾಶದಿಂದ ಒಂದು ಗಂಭೀರ ಧ್ವನಿ ಇಳಿದು ಬಂತು.

"ಪ್ರಶ್ನೆ ಒಂದು. ನೀನು ಯಾರು?"

ಇಡೀ ಬೀದಿ ನಿಂತುಬಿಟ್ಟಿತು. ಸೈಕಲ್ಲಿನಲ್ಲಿ ಹೋಗುತ್ತಿದ್ದವನೊಬ್ಬ ಇಳಿದು, ಮೇಲಕ್ಕೆ ನೋಡಿ, ತನ್ನ ಹೆಸರು ಮತ್ತು ಕೆಲಸ ಮಾಡುವ ಕಚೇರಿ ಹೇಳಿದ.

ಧ್ವನಿ ಯಾರದೆಂದು ಎಲ್ಲರಿಗೂ ಬೇಗನೇ ತಿಳಿಯಿತು. ಆದರೆ ಹಲೋ ಅಣ್ಣ ಹೀಗೆ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಅವನಿಗೆ ಏನೋ ಅಧಿಕಾರ ಸಿಕ್ಕಿರಬೇಕೆಂದೇ ಹಾಲಿನ ಅಂಗಡಿಯವನು ನಂಬಿದ. ಅವನು ಅಳತೆಯ ಡಬ್ಬಿಯನ್ನು ಹಾಲಿನಲ್ಲಿ ಮುಳುಗಿಸುವುದಕ್ಕೂ ಮೇಲಿನಿಂದ "ಪ್ರಶ್ನೆ ಹನ್ನೊಂದು. ಅಳತೆಯಲ್ಲಿ ಮೋಸ ಮಾಡಿದವನು ಏನು ಮಾಡಬೇಕು?" ಎಂದು ಬರುವುದಕ್ಕೂ ಸರಿಹೋಯಿತು.

ಹತ್ತು ಎಣಿಸುವಷ್ಟು ಹೊತ್ತು ಮೌನ. ಆ ಮೌನವೇ ಕೆಲಸ ಕೆಡಿಸಿದ್ದು. ಪ್ರಶ್ನೆಯನ್ನು ಯಾರಾದರೂ ಸಹಿಸಿಕೊಂಡಾರು, ಪ್ರಶ್ನೆ ಕೇಳಿ ಕಾಯುತ್ತ ನಿಂತರೆ ಸಹಿಸುವುದು ಕಷ್ಟ.

"ಡಬ್ಬಿ ಕೈಜಾರಿ ಬಿದ್ದು ತಳ ಒಳಗೆ ಹೋಗಿದ್ದು," ಎಂದ ಹಾಲಿನವನು. "ನಾನಾಗಿ ತಟ್ಟಿದ್ದಲ್ಲ."

ಡಬ್ಬಿಯ ತಳ ಒಳಗೆ ಹೋಗಿದೆಯೆಂದು ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಸಾಲಿನಲ್ಲಿದ್ದವರೆಲ್ಲ ಕತ್ತು ಚಾಚಿ ನೋಡಿದರು. ಅವನು ಮಾತಿಲ್ಲದೆ ಎಲ್ಲರ ಪಾತ್ರೆಗೂ ಇನ್ನಷ್ಟು ಸುರಿದ.

"ಪ್ರಶ್ನೆ ಹದಿನಾಲ್ಕು. ಪರರ ವಸ್ತುವನ್ನು ತನ್ನಲ್ಲೇ ಇಟ್ಟುಕೊಂಡವನನ್ನು ಏನೆನ್ನುತ್ತಾರೆ?"

ಮೂಲೆಮನೆಯ ನಿವೃತ್ತ ಪೋಸ್ಟ್‌ಮಾಸ್ಟರು ಏಣಿಯೊಂದನ್ನು ಹೊತ್ತುಕೊಂಡು ಹೊರಗೆ ಬಂದರು. "ಇದು ಹಲೋ ಅಣ್ಣಂದು. ಕೊಡ್ಬೇಕು ಕೊಡ್ಬೇಕು ಅಂತ ಆರು ವರ್ಷದಿಂದ ಅಂದ್ಕೊಳ್ತಾನೇ ಇದ್ದೆ. ಇದಕ್ಕೆ ಹಾರನ್ ಕಟ್ಟಿ ಕೂಗಿಸ್ಬೇಕಿತ್ತಾ?"

ನಾನು ಮುಸಿಮುಸಿ ನಗುತ್ತಿದ್ದೆ. ಹದಿನೇಳನೆಯ ಪ್ರಶ್ನೆ ಬಂತು. "ಕೊಟ್ಟ ಮಾತಿಗೆ ತಪ್ಪುವವನಿಗೆ ಸಮಾಧಾನವುಂಟೇ?" ಮೇಲಿನ ಕಪಾಟಿನಲ್ಲಿ ನಮ್ಮ ಬೀದಿಯ ಟೀಚರಮ್ಮನ ಹಳೆಯ ಫೋಟೋ ಆಲ್ಬಮ್ಮು ಮೂರು ತಿಂಗಳಿಂದ ಕೂತಿತ್ತು. ಅವರು ಬಂದಾಗಲೆಲ್ಲ ಗೋಂದು ಒಣಗಿಲ್ಲ ಎನ್ನುತ್ತಿದ್ದೆ. "ಗೋಂದು ಒಣಗಿಲ್ಲ," ಎಂದೆ ಹಾರನ್ನಿನ ಕಡೆ ನೋಡಿ. ಮೌನ ಮುಂದುವರಿಯಿತು. ಗೋಂದು ಇನ್ನೂ ಹಚ್ಚೇ ಇಲ್ಲವೆಂದು ನೆನಪಾಗಿ ಎದ್ದು ಆಲ್ಬಮ್ಮು ಕೆಳಗಿಳಿಸಿದೆ.

ಪಕ್ಕದ ಮನೆಯಲ್ಲಿ ಓರಗಿತ್ತಿಯರಿಬ್ಬರಿದ್ದರು. ಬಟ್ಟೆ ಒಣಹಾಕುವ ಹಗ್ಗದ ವಿಷಯಕ್ಕೆ ಜಗಳವಾಗಿ ನಾಲ್ಕು ವರ್ಷದಿಂದ ಮಾತು ಬಿಟ್ಟಿದ್ದರು. ಒಬ್ಬರು ಬಾಲ್ಕನಿಗೆ ಬಂದರೆ ಇನ್ನೊಬ್ಬರು ಒಳಗೆ ಹೋಗುತ್ತಿದ್ದರು. ಆ ದಿನ ಕೇಳುವ ಆಸೆಗೆ ಇಬ್ಬರೂ ಹೊರಗೇ ಉಳಿದಿದ್ದರು.

"ಪ್ರಶ್ನೆ ಇಪ್ಪತ್ತೆರಡು. ಮನಸ್ತಾಪವಾದಾಗ ಮೊದಲು ಮಾತಾಡಬೇಕಾದವರು ಯಾರು?"

ಇಡೀ ಬೀದಿ ಎರಡು ಬಾಲ್ಕನಿಗಳನ್ನೂ ನೋಡಿತು. ನಾನು ಮನಸ್ಸಿನಲ್ಲೇ ಎಣಿಸತೊಡಗಿದೆ. ಏಳಕ್ಕೆ ಬಂದಾಗ ಹಿರಿಯಾಕೆ ಗೋಡೆಯ ಕಡೆ ಮುಖ ಮಾಡಿ ಅಂದರು. "ದೊಡ್ಡವರು ಅಂತ ಇರ್ಬೇಕು ಪುಸ್ತಕದಲ್ಲಿ."

ಕಿರಿಯಾಕೆ ಒದ್ದೆ ಬಟ್ಟೆ ಹಿಂಡುತ್ತ, "ಚಿಕ್ಕೋರು ಅಂತಾನೂ ಇರಬಹುದು, ಅಕ್ಕ" ಎಂದರು.

ಅಲ್ಲಿಂದ ಮುಂದೆ ದೊಡ್ಡವರೋ ಚಿಕ್ಕವರೋ ಎಂದು ಅವರಿಬ್ಬರಿಗೂ ಅರ್ಧ ಗಂಟೆ ಜಗಳವಾಯಿತು. ನಾಲ್ಕು ವರ್ಷದಲ್ಲಿ ಅಷ್ಟು ಖುಷಿಯಾಗಿ ಅವರು ಇದ್ದದ್ದನ್ನು ನಾನು ಕಂಡಿರಲಿಲ್ಲ.

ಆ ಜಗಳ ನಡೆಯುತ್ತಿರುವಾಗಲೇ ಮುನ್ಸಿಪಾಲಿಟಿಯಿಂದ ಗದ್ದಲ ತಡೆಯುವ ಸಾಹೇಬರು ಸ್ಕೂಟರಿನಲ್ಲಿ ಬಂದರು. ಯಾರೋ ದೂರು ಕೊಟ್ಟಿದ್ದರಂತೆ. ನೋಟಿಸಿನ ಪುಸ್ತಕ ತೆಗೆದು, "ಯಾರ ಪರ್ಮಿಷನ್ ಮೇಲೆ ನಡೀತಿದೆ ಇದು?" ಎಂದರು.

"ಪ್ರಶ್ನೆ ಅರವತ್ತು," ಎಂದಿತು ಹಾರನ್ನು. "ಬೇರೆಯವರ ತಪ್ಪು ಹಿಡಿಯುವ ಮೊದಲು ಮಾಡಬೇಕಾದ್ದೇನು?"

ಸಾಹೇಬರು ಪೆನ್ನು ಎತ್ತಿದ್ದವರು ಹಾಗೇ ನಿಂತರು. "ಇದು ನಂಗಾ?"

"ನಮಗೆಲ್ಲ ಒಂದೊಂದು ಆಗಿದೆ ಸಾರ್," ಎಂದ ಹಾಲಿನವನು. "ಇದು ನಿಮ್ದೇ."

ಸಾಹೇಬರು ಸ್ವಲ್ಪ ಹೊತ್ತು ನೆಲ ನೋಡಿದರು. "ನನ್ನ ಸ್ಕೂಟರಿನ ಸೈಲೆನ್ಸರು ಸ್ವಲ್ಪ ಸದ್ದು ಮಾಡುತ್ತೆ. ಅದು ನಿಜ," ಎಂದರು.

ಕೊನೆಗೆ ಎಲ್ಲರೂ ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದೆವು. ತೆಗೆಯಲಿಲ್ಲ. ಪೋಸ್ಟ್‌ಮಾಸ್ಟರು ತಂದಿದ್ದ ಏಣಿಯನ್ನೇ ಗೋಡೆಗಿಟ್ಟು ಸಾಹೇಬರು ಹತ್ತಿ ಕಿಟಕಿಯಲ್ಲಿ ಇಣುಕಿದರು. ಒಳಗೆ ಹಲೋ ಅಣ್ಣ ಕಿವಿಗೆ ಹೆಡ್‌ಫೋನು ಹಾಕಿಕೊಂಡು, ಕಣ್ಣು ಮುಚ್ಚಿ, ಬೆಸುಗೆಯ ಹೊಗೆಯ ನಡುವೆ ತುಟಿ ಅಲ್ಲಾಡಿಸುತ್ತಿದ್ದ. ಸಾಹೇಬರು ಗಾಜು ಬಡಿದರು. ಅವನು ಕಣ್ಣು ಬಿಟ್ಟು, ಕಿಟಕಿಯಲ್ಲಿ ಒಂದು ಟೋಪಿ ಕಂಡು, ಗಾಬರಿಯಿಂದ ಹೆಡ್‌ಫೋನು ತೆಗೆದ. ತನ್ನದೇ ಧ್ವನಿ ಆಕಾಶದಿಂದ "ಪ್ರಶ್ನೆ ಎಪ್ಪತ್ತೆಂಟು" ಎನ್ನುವುದು ಕೇಳಿಸಿತು.

ಅವನ ಮುಖ ಹುಳ್ಳಗಾಯಿತು. ಟೇಪು ನಿಲ್ಲಿಸಿ ಬಾಗಿಲು ತೆಗೆದ. ತಪ್ಪಾಯಿತು, ತಂತಿ ಬಿಚ್ಚಲು ಮರೆತೆ ಎಂದಿದ್ದರೆ ಬೀದಿಯವರು ನಕ್ಕು ಹೋಗುತ್ತಿದ್ದರು.

"ಏನಿದು?" ಎಂದರು ಏಣಿಯಿಂದ ಇಳಿದು ಬಂದ ಸಾಹೇಬರು.

ಹಲೋ ಅಣ್ಣ ಗಂಟಲು ಸರಿಮಾಡಿಕೊಂಡ. "ಇದಕ್ಕೆ ಕ್ಯಾಟೆಕಿಸಂ ಅಂತಾರೆ. ಬೇಕಂತಾನೇ ಹಾಕಿದ್ದು."

"ಹಾಗಂದ್ರೆ ಏನು?"

"ಭಾನುವಾರ ಹೇಳ್ತೀನಿ. ಚರ್ಚಿನ ಪಾಠದ ಕೋಣೆಗೆ ಎಲ್ಲರೂ ಬನ್ನಿ."

ನಾನು ಹಣೆ ಚಚ್ಚಿಕೊಂಡೆ. ಪಾದ್ರಿಗಳ ಮುಂದೆ ಮಾತ್ರ ಹೋಗಬೇಕಾಗಿದ್ದ ಮಾನವನ್ನು ಅವನು ಇಡೀ ಬೀದಿಯ ಮುಂದೆ ಕಳೆದುಕೊಳ್ಳುವ ಏರ್ಪಾಡು ಮಾಡಿಕೊಂಡಿದ್ದ.

ಶನಿವಾರ ಇನ್ಸ್‌ಪೆಕ್ಟರು ಬಂದರು. "ಧರ್ಮವನ್ನ ಹಾರನ್ನಿಗೆ ಕಟ್ಟಿ ಹಾಲಿನ ಅಂಗಡಿಗೆ ಕೇಳಿಸಿದ್ದೀರಂತೆ. ಇದನ್ನ ಫಾದರ್‌ಗೆ ಹೇಳದೆ ಬಿಡಲ್ಲ" ಎಂದು ಬಂದ ದಾರಿಯಲ್ಲೇ ಹೋದರು. ಅವರ ಬೆನ್ನಿಗೇ ಮಗುವನ್ನು ಎತ್ತಿಕೊಂಡು ತಂಗಿ ಬಂದಳು. ಮಗುವನ್ನು ನನ್ನ ಅಂಗಡಿಯ ಕಾಗದದ ರಾಶಿಯ ಮೇಲೆ ಮಲಗಿಸಿ, ಅಣ್ಣನನ್ನು ಕೆಳಕ್ಕೆ ಕರೆದಳು.

"ನಾಳೆ ನೀನು ಬರ್ಬೇಡ ಅಣ್ಣ. ಮೈ ಸರಿಯಿಲ್ಲ ಅಂತ ನಾನು ಹೇಳ್ತೀನಿ. ಭಾವನೇ ಮಗೂನ ಎತ್ಕೊಳ್ಳಲಿ."

"ಯಾಕೆ? ನಂಗೆ ಗೊತ್ತು ಅಂದ್ನಲ್ಲ."

"ಅಣ್ಣ." ಅವಳು ಅವನ ಅಂಗಿಯ ತೋಳಿಗೆ ಅಂಟಿದ್ದ ಬೆಸುಗೆಯ ಚೂರು ಕಿತ್ತಳು. "ಚಿಕ್ಕೋಳಿದ್ದಾಗ ಪ್ರತಿ ಭಾನುವಾರ ಪಾಠಕ್ಕೆ ನೀನೇ ಕರ್ಕೊಂಡು ಹೋಗ್ತಿದ್ದೆ. ಒಳಗೆ ಬಾ ಅಂದ್ರೆ ಬರ್ತಿರಲಿಲ್ಲ. ಅಂಗಿ ಹರಿದಿದೆ ಅಂತಿದ್ದೆ. ಕಿಟಕಿ ಕೆಳಗೆ ನಿಂತಿರ್ತಿದ್ದೆ, ಬಿಸಿಲಲ್ಲಿ. ನನ್ನ ಸರದಿ ಬಂದಾಗ ನಾನು ಕಿರುಚಿ ಕಿರುಚಿ ಉತ್ತರ ಹೇಳ್ತಿದ್ದೆ. ಯಾಕೆ ಗೊತ್ತಾ? ನಿಂಗೂ ಕೇಳಿಸ್ಲಿ ಅಂತ. ಎಲ್ಲರ ಮುಂದೆ ಭಾವ ನಿನ್ನನ್ನ ಆಡ್ಕೊಳ್ಳೋದು ನಂಗೆ ನೋಡೋಕಾಗಲ್ಲ."

ಅವಳು ಹೋದ ಮೇಲೆ ಹಲೋ ಅಣ್ಣ ಬಹಳ ಹೊತ್ತು ಕಾಗದದ ರಾಶಿಯ ಮೇಲೆ ಮಗು ಮಲಗಿದ್ದ ತಗ್ಗನ್ನು ನೋಡುತ್ತ ಕೂತಿದ್ದ. ನನಗೂ ಆ ಹೊತ್ತಿನಲ್ಲಿ ತಮಾಷೆ ಹೊಳೆಯಲಿಲ್ಲ.

ಭಾನುವಾರ ಪಾಠದ ಕೋಣೆ ತುಂಬಿಹೋಗಿತ್ತು. ಎತ್ತರದ ಚಾವಣಿ, ಬರಿಯ ಗೋಡೆ, ಒಂದು ಕಡೆ ಉದ್ದನೆಯ ಕಿಟಕಿ. ಯಾರಾದರೂ ಕೆಮ್ಮಿದರೆ ಅದು ಗೋಡೆಗೆ ಬಡಿದು ಎರಡು ಸಲ ವಾಪಸು ಬರುವಂಥ ಕೋಣೆ. ಹಾಲಿನವನು ಬಂದಿದ್ದ, ಹೊಸ ಡಬ್ಬಿ ಕೊಂಡ ವಿಷಯವನ್ನು ಎಲ್ಲರಿಗೂ ಹೇಳುತ್ತಿದ್ದ. ಓರಗಿತ್ತಿಯರು ಒಂದೇ ಬೆಂಚಿನಲ್ಲಿ ಒತ್ತಿಕೊಂಡು ಕೂತಿದ್ದರು. ಮುನ್ಸಿಪಾಲಿಟಿ ಸಾಹೇಬರು ಸ್ಕೂಟರನ್ನು ಬೀದಿ ತುದಿಯಲ್ಲೇ ನಿಲ್ಲಿಸಿ ನಡೆದು ಬಂದಿದ್ದರು. ಮುಂದಿನ ಸಾಲಿನಲ್ಲಿ ಮಗುವಿನೊಂದಿಗೆ ತಂಗಿ, ಅವಳ ಪಕ್ಕದಲ್ಲಿ ಇಸ್ತ್ರಿ ಮಾಡಿದ ಕೋಟಿನಲ್ಲಿ ಇನ್ಸ್‌ಪೆಕ್ಟರು.

"ಹೇಳಿ," ಎಂದರು ಪಾದ್ರಿಗಳು. "ಕ್ಯಾಟೆಕಿಸಂ ಅನ್ನೋ ಪದಕ್ಕೆ ಏನರ್ಥ, ಎಲ್ಲಿಂದ ಬಂತು?"

ಹಲೋ ಅಣ್ಣ ಎದ್ದು ನಿಂತ. "ಇದು ಗ್ರೀಕ್ ಮೂಲದ ಪದ ಫಾದರ್."

ಸಭೆಯಲ್ಲಿ ಮೆಚ್ಚುಗೆಯ ಸದ್ದಾಯಿತು. ಇನ್ಸ್‌ಪೆಕ್ಟರು ನೆಟ್ಟಗೆ ಕೂತರು.

"ಕೆಳಕ್ಕೆ ಅಂತ ಶುರುವಾಗುತ್ತೆ. ಕೆಳಕ್ಕೆ..." ಅವನು ನನ್ನ ಕಡೆ ನೋಡಿದ. ನನ್ನ ಕಣ್ಣ ಮುಂದೆ ತೂತೊಂದೇ ಇತ್ತು. ಅವನು ಬಾಯಿ ತೆರೆದ. ಕೂರುವುದು, ಬೀಳುವುದು, ನೋಡುವುದು, ಇವುಗಳಲ್ಲಿ ಒಂದು ಈಗ ಹೊರಗೆ ಬೀಳುತ್ತದೆಂದು ನಾನು ಕಣ್ಣು ಮುಚ್ಚಿಕೊಂಡೆ.

"ಗೊತ್ತಿಲ್ಲ," ಎಂದ ಹಲೋ ಅಣ್ಣ.

ಗೊತ್ತಿಲ್ಲ, ತ್ತಿಲ್ಲ, ಇಲ್ಲ, ಎಂದವು ಗೋಡೆಗಳು.

ನಾನು ಕಣ್ಣು ಬಿಟ್ಟೆ. ಇಪ್ಪತ್ತು ವರ್ಷದ ಸ್ನೇಹದಲ್ಲಿ ಅವನ ಬಾಯಿಂದ ಆ ಮಾತನ್ನು ಮೊದಲ ಸಲ ಕೇಳಿದ್ದೆ. ಅವನಿಗೂ ಆಶ್ಚರ್ಯವಾದಂತಿತ್ತು. ಸದ್ದು ಅಡಗುವವರೆಗೆ ಕಾದು ಮುಂದುವರಿಸಿದ. "ಆವತ್ತೂ ಗೊತ್ತಿರ್ಲಿಲ್ಲ. ಸುಮ್ನೆ ಅಂದೆ. ಹಾರನ್ನೂ ಬೇಕಂತ ಹಾಕಿದ್ದಲ್ಲ, ತಂತಿ ಬಿಚ್ಚೋಕೆ ಮರ್ತಿದ್ದು. ಎಲ್ಲರೂ ಕ್ಷಮಿಸ್ಬೇಕು. ಮಗೂನ ಇವರೇ ಎತ್ಕೊಳ್ಳಲಿ ಫಾದರ್. ಓದಿದೋರು."

ಪಾದ್ರಿಗಳು ಇನ್ಸ್‌ಪೆಕ್ಟರ ಕಡೆ ತಿರುಗಿದರು. "ಹಾಗಾದ್ರೆ ನೀವು ಹೇಳಿ. ಎಲ್ಲಿಂದ ಬಂತು ಆ ಪದ?"

ಇನ್ಸ್‌ಪೆಕ್ಟರು ಎದ್ದರು. ಕೋಟಿನ ಗುಂಡಿ ಹಾಕಿದರು, ಬಿಚ್ಚಿದರು. "ಅದು ವಿಸ್ತಾರವಾದ ವಿಷಯ," ಎಂದರು.

"ಪರವಾಗಿಲ್ಲ, ಈಗ ಊಟದ ಹೊತ್ತೇನಲ್ಲ."

ಇನ್ಸ್‌ಪೆಕ್ಟರು ಕೂತರು. ಮೂವತ್ತು ವರ್ಷ ಪ್ರಶ್ನೆ ಕೇಳಿದವರಿಗೆ ಉತ್ತರ ಹೇಳುವ ರೂಢಿ ತಪ್ಪಿಹೋಗಿರುತ್ತದೆ. ಅದು ಅವರ ತಪ್ಪಲ್ಲ.

"ನಾನೇ ಹೇಳ್ತೀನಿ," ಎಂದರು ಪಾದ್ರಿಗಳು. "ಗ್ರೀಕರ ಮಾತು. ಮೊದಲರ್ಧ ಕೆಳಕ್ಕೆ, ಅದು ಸರಿ. ಉಳಿದರ್ಧ ಸದ್ದು ಮಾಡೋದು. ಎಕೋ ಅಂತೀವಲ್ಲ, ಪ್ರತಿಧ್ವನಿ, ಅದೂ ಆ ಮೂಲದಿಂದಲೇ ಬಂದ ಮಾತು. ಮೇಲಿಂದ ಸದ್ದು ಕೆಳಕ್ಕೆ ಇಳಿದು ಕೇಳೋನ ಕಿವೀಲಿ ಗುಂಯ್ ಅನ್ನಬೇಕು. ಆಮೇಲೆ ಬಾಯಿಂದ ಬಾಯಿಗೆ ಕಲಿಸೋದು ಅಂತ ಅರ್ಥ ಬಂತು. ಪುಸ್ತಕ ನೋಡಿ ಅಲ್ಲ, ಕಿವೀಲಿ ಕೇಳಿ, ಕೇಳಿದ್ದನ್ನ ತಿರುಗಿ ಹೇಳೋದು." ಅವರು ಹಾಲಿನವನತ್ತ ನೋಡಿದರು. "ನಿನ್ನೆ ನನ್ನ ಹತ್ರ ದೂರು ಬಂತು, ಈ ಮನುಷ್ಯ ತಾರಸಿ ಮೇಲಿಂದ ಪ್ರಶ್ನೆ ಕೂಗಿದ, ಕೆಳಗೆ ಬೀದಿಯವರೆಲ್ಲ ಉತ್ತರ ಕೊಟ್ಟರು ಅಂತ. ಆ ಪದಕ್ಕೆ ಇದಕ್ಕಿಂತ ಒಳ್ಳೆ ಅರ್ಥ ನಾನು ನಲವತ್ತು ವರ್ಷದಲ್ಲಿ ಹೇಳಿಲ್ಲ."

ಬೀದಿಯವರು ಚಪ್ಪಾಳೆ ತಟ್ಟಿದರು. ಕೋಣೆ ಅದನ್ನು ಮೂರು ಪಟ್ಟು ಮಾಡಿ ಮರಳಿಸಿತು. ಮಗುವಿಗೆ ಎಚ್ಚರವಾಯಿತು.

"ಆದ್ರೂ ಪುಸ್ತಕದ ನಾಲ್ಕು ಪ್ರಶ್ನೆ ಬಾಕಿ ಇದೆ," ಎಂದರು ಇನ್ಸ್‌ಪೆಕ್ಟರು. ಅವರು ಹೇಳಿದ್ದೂ ನ್ಯಾಯವೇ.

"ಇದೆ," ಎಂದರು ಪಾದ್ರಿಗಳು. ಪುಸ್ತಕ ತೆರೆಯಲಿಲ್ಲ. ಎದ್ದು ಹೋಗಿ ಉದ್ದನೆಯ ಕಿಟಕಿಯ ಹತ್ತಿರ ನಿಂತು, ಮಕ್ಕಳಿಗೆ ಕೇಳುವ ಹಳೆಯ ರಾಗದಲ್ಲಿ ಎಳೆದು ಕೇಳಿದರು. "ನೆರೆಯ-ವ-ನು ಯಾರು?"

ಹಲೋ ಅಣ್ಣ ತಲೆ ತಗ್ಗಿಸಿ ನಿಂತಿದ್ದವನು, ಹಿಂದೆ ಕಿಟಕಿ ಕೆಳಗೆ ನಿಂತು ಕೇಳಿದ್ದ ಆ ರಾಗಕ್ಕೆ ಕಿವಿ ನಿಮಿರಿಸಿದ. ಆಮೇಲೆ ಅವನ ಬಾಯಿಂದ, ನಲವತ್ತನಾಲ್ಕು ವರ್ಷದ, ಗಟ್ಟಿಮುಟ್ಟಾದ ಆ ಗಂಡಸಿನ ಬಾಯಿಂದ, ಎಂಟು ವರ್ಷದ ಹುಡುಗಿಯ ರಾಗ ಹೊರಬಂತು. "ನಮ್ಮ ಸಹಾಯ ಬೇಕಾದ ಪ್ರತಿಯೊ-ಬ್ಬ-ನೂ ನಮ್ಮ ನೆರೆಯ-ವ-ನು."

ತಂಗಿ ಬಾಯಿಗೆ ಕೈ ಅಡ್ಡ ಹಿಡಿದಳು. ಎಲ್ಲಿ ಎಳೆಯಬೇಕು, ಎಲ್ಲಿ ಉಸಿರು ತೆಗೆಯಬೇಕು, ಎಲ್ಲಿ ಕಿರುಚಬೇಕು, ಎಲ್ಲವೂ ಅವಳದೇ.

"ಸುಳ್ಳು ಯಾಕೆ ಹೇಳ-ಬಾ-ರ-ದು?"

"ಹೇಳಿದವನ ಮಾತನ್ನು ಅವನೇ ನಂಬ-ಲಾ-ರ-ನು."

"ತಂದೆತಾಯಿ ಇಲ್ಲದವರಿಗೆ ಯಾ-ರು?"

"ದೇವರು, ಮತ್ತು ದೇವರು ಕಳಿಸಿ-ದ-ವ-ರು." ನಾನು ಕಿಟಕಿಯಾಚೆ ನೋಡಿದೆ. ಕಿಟಕಿಯ ಕೆಳಗೆ, ಬಿಸಿಲಿನಲ್ಲಿ, ಒಬ್ಬ ಹುಡುಗ ನಿಲ್ಲುವಷ್ಟು ಜಾಗವಿತ್ತು.

ಪಾದ್ರಿಗಳು ನಾಲ್ಕನೆಯದನ್ನು ಕೇಳಿದರು. "ಹಠ ಎಂದ-ರೇ-ನು?"

ಹಲೋ ಅಣ್ಣ ಬಾಯಿ ತೆರೆದ, ಮುಚ್ಚಿದ. ಚಾವಣಿ ನೋಡಿದ. "ಇದು ಗೊತ್ತಿಲ್ಲ ಫಾದರ್," ಎಂದ, ಈಗ ಸಲೀಸಾಗಿ. "ಆ ವಾರ ತಂಗಿಗೆ ಜ್ವರ. ಪಾಠಕ್ಕೆ ಕರ್ಕೊಂಡು ಬಂದಿರ್ಲಿಲ್ಲ."

ಯಾರೂ ನಗಲಿಲ್ಲ. ತಂಗಿ ಎದ್ದು ಬಂದು ಮಗುವನ್ನು ಅವನ ತೋಳಿನಲ್ಲಿಟ್ಟಳು. ಪಾದ್ರಿಗಳು ಇನ್ಸ್‌ಪೆಕ್ಟರನ್ನು ನೋಡಿದರು. ಇನ್ಸ್‌ಪೆಕ್ಟರು ಕರವಸ್ತ್ರ ತೆಗೆದು ಕನ್ನಡಕ ಒರೆಸಿದರು, ಆಮೇಲೆ ಅದೇ ಕರವಸ್ತ್ರದಿಂದ ಕಣ್ಣನ್ನೂ ಒರೆಸಿಕೊಂಡರು. "ನಾಲ್ಕಕ್ಕೆ ಮೂರು. ಪಾಸು ಮಾಡಬಹುದು," ಎಂದರು.

ಮುಂದಿನ ಭಾನುವಾರ ಜ್ಞಾನಸ್ನಾನ ನಡೆಯಿತು. ಮೈಕಿನ ವ್ಯವಸ್ಥೆ ಹಲೋ ಅಣ್ಣನದೇ. ಮುಗಿದ ಮೇಲೆ ತಂತಿ ಬಿಚ್ಚಿದನೇ ಎಂದು ಮುನ್ಸಿಪಾಲಿಟಿ ಸಾಹೇಬರು ಖುದ್ದಾಗಿ ನೋಡಿ ಹೋದರು. ಟೀಚರಮ್ಮನ ಆಲ್ಬಮ್ಮಿಗೆ ಗೋಂದು ಹಚ್ಚಿದ್ದೇನೆ. ಈಗ ನಿಜವಾಗಿಯೂ ಒಣಗಿಲ್ಲ, ಅವರು ನಂಬುತ್ತಿಲ್ಲ.

ಈಗ ತಂಗಿ ವಾರಕ್ಕೆರಡು ಸಲ ಮಗುವನ್ನು ಅಣ್ಣನ ಹತ್ತಿರ ಬಿಟ್ಟು ಹೋಗುತ್ತಾಳೆ. ಅವನು ನನ್ನ ಅಂಗಡಿಯ ಮೆಟ್ಟಿಲ ಮೇಲೆ ಅದನ್ನು ತೊಡೆಯಲ್ಲಿಟ್ಟುಕೊಂಡು ಕೂತು, "ಪ್ರಶ್ನೆ ಒಂದು" ಎಂದು ರಾಗ ಎಳೆದು, ಮನಸ್ಸಿನಲ್ಲೇ ಹತ್ತು ಎಣಿಸುತ್ತಾನೆ. ಮಗು "ಊ" ಎನ್ನುತ್ತದೆ. "ಸರಿ ಉತ್ತರ" ಎಂದು ಅವನು ಎರಡನೆಯದಕ್ಕೆ ಹೋಗುತ್ತಾನೆ.

ಮೊನ್ನೆ ಹಾಗೆ ಕೂತಿದ್ದಾಗ ದೊಡ್ಡ ಕಾರಿನಲ್ಲಿ ಒಬ್ಬರು ಬಂದು ಇಳಿದರು. ಮಗಳ ಮದುವೆಯಂತೆ, ಆರು ಹಾರನ್ನು, ಎಂಟು ಮೈಕು ಬೇಕಂತೆ. ಅವರು ಹಲೋ ಅಣ್ಣನನ್ನೇ ಕೇಳಿದರು. "ಇಲ್ಲಿ ಮೈಕ್‌ಸೆಟ್ ಅಂಗಡಿ ಎಲ್ಲಿ ಬರುತ್ತೆ?"

ಹಲೋ ಅಣ್ಣ ಮಗುವಿನಿಂದ ಕಣ್ಣು ಕೀಳದೆ, "ಗೊತ್ತಿಲ್ಲ" ಎಂದ.

ನಾನು ಕೈಯಲ್ಲಿದ್ದ ಗೋಂದಿನ ಕುಂಚ ಬಿಸಾಡಿ, ಹೊರಟೇಬಿಟ್ಟ ಆ ಕಾರಿನ ಹಿಂದೆ ಬೀದಿಯ ತುದಿಯವರೆಗೂ ಓಡಿದೆ.